ಸಾಹೇಬ್ರು ಕ್ಯಾಂಪಿನಾಗದಾರ

ನನ್ನನ್ನು ಕೇಳಿಕೊಂಡು ಯಾರಾದರೂ ಮನೆಗೆ ಬಂದರೆ ನನ್ನ ಹೆಂಡತಿ ಅಡಿಗೆಮನೆಯಿಂದಲೇ ಕೂಗುತ್ತಾಳೆ: "ಸಾಹೇಬ್ರು ಕ್ಯಾಂಪಿನಾಗದಾರ ನೋಡ್ರಿ!" ಬಂದವರು ಹೊಸಬರಾಗಿದ್ದರೆ, ಪರವೂರಿಗೆ ಹೋಗಿರಬೇಕೆಂದು ಚಪ್ಪಲಿ ಬಿಡದೆ ಹೊರಳುತ್ತಾರೆ. ಹಳಬರು ಮಾತ್ರ ನೇರ ಒಳಗೆ ಬಂದು ಪಡಸಾಲೆಯ ಮೂಲೆ ನೋಡುತ್ತಾರೆ. ಅಲ್ಲಿ ಒಂದು ಕಟ್ಟಿಗೆ ಮಂಚ, ಮಂಚದ ಕೆಳಗೆ ಟ್ರಂಕು, ತಲೆದಿಂಬಿನ ಬದಿಗೆ ಮಾತ್ರೆ ಡಬ್ಬಿ, ಹೋದ ವರ್ಷದ ಪಂಚಾಂಗ, ತಿರುಗುವಾಗ ಕೆಮ್ಮುವ ಟೇಬಲ್ ಫ್ಯಾನು. ಚಾರ್ಜರಿನ ವೈರು ಎಷ್ಟು ಉದ್ದವೋ ಅಷ್ಟಕ್ಕೇ ಕುತ್ತಿಗೆ ಬಗ್ಗಿಸಿ ಮೊಬೈಲ್ ನೋಡುತ್ತ ಕೂತ ನಾನು. ಇದೇ ಕ್ಯಾಂಪ್.

ಸಾಹೇಬ ಅನ್ನುವುದೂ ಆಕೆಯ ಕೊಂಕೇ. ಸೇವೆಯುದ್ದಕ್ಕೂ ನಾನು ಸಾಹೇಬನಾಗಲಿಲ್ಲ. ಒಂದು ಸರ್ಕಾರಿ ಕಚೇರಿಯಲ್ಲಿ, ಸಾಹೇಬರು ಎಲ್ಲಿ ಎಂದು ಕೇಳಿದವರಿಗೆ ಉತ್ತರ ಕೊಡುವ ಗುಮಾಸ್ತನಾಗಿದ್ದೆ. ಉತ್ತರ ಒಂದೇ ಇತ್ತು: "ಸಾಹೇಬ್ರು ಕ್ಯಾಂಪಿನಾಗದಾರ." ಆ ಮಾತಿನ ಮಹಿಮೆ ಕಚೇರಿಯಲ್ಲಿ ದುಡಿದವರಿಗೇ ಗೊತ್ತು. ಅದು ಸುಳ್ಳಲ್ಲ, ಏಕೆಂದರೆ ಸಾಹೇಬರು ಎಲ್ಲೋ ಒಂದು ಕಡೆ ಇದ್ದೇ ಇರುತ್ತಾರೆ. ಅದು ನಿಜವೂ ಅಲ್ಲ, ಏಕೆಂದರೆ ಆ ಎಲ್ಲೋ ಅನ್ನುವುದು ಮೂರನೇ ಓಣಿಯ ಅವರ ಬೀಗರ ಮನೆಯೂ ಆಗಿರಬಹುದು. ರಜೆ ಎಂದರೆ ಅರ್ಜಿ ಬೇಕು, ಜಡ್ಡು ಎಂದರೆ ಸರ್ಟಿಫಿಕೇಟ್ ಬೇಕು. ಕ್ಯಾಂಪ್ ಎಂದರೆ ಎದುರಿನವನು ತಾನೇ ಅರ್ಥ ಮಾಡಿಕೊಂಡು "ಹಂಗಾರ ಸೋಮವಾರ ಬರ್ತೀನ್ರಿ" ಎಂದು ಎದ್ದು ಹೋಗುತ್ತಾನೆ. ಈಗ ನನ್ನ ಹೆಂಡತಿ ಅದೇ ಮಾತನ್ನು ನನ್ನ ಮೇಲೆ ಪ್ರಯೋಗಿಸುತ್ತಿದ್ದಾಳೆ. ಮಾಡಿದ್ದುಣ್ಣೋ ಮಹಾರಾಯ ಎಂದು ಬಾಯಿ ಬಿಟ್ಟು ಹೇಳಬೇಕಿಲ್ಲ. ಒಗ್ಗರಣೆಯ ಸದ್ದಿನಲ್ಲೇ ಕೇಳಿಸುತ್ತದೆ.

ನಾನು ಕ್ಯಾಂಪಿಗೆ ಬಿದ್ದದ್ದು ಮಗಳ ಬಾಣಂತನದಲ್ಲಿ. ಮಲಗುವ ಕೋಣೆಯನ್ನು ತಾಯಿ-ಕೂಸಿಗೆ ಬಿಟ್ಟುಕೊಡಬೇಕಾಯಿತು. "ಸ್ವಲ್ಪ ದಿನದ ಮಾತು, ಪಡಸಾಲ್ಯಾಗ ಅಡ್ಜಸ್ಟ್ ಮಾಡ್ಕೊಳ್ರಿ" ಎಂದಳು. ಮಾಡಿಕೊಂಡೆ. ಕೂಸು ತೊಟ್ಟಿಲು ಬಿಟ್ಟಿತು, ಅಂಬೆಗಾಲು ಬಿಟ್ಟಿತು, ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಮೀಡಿಯಂ ಶಾಲೆ ಸೇರಿ, ಈಗ ಫೋನಿನಲ್ಲಿ ನನ್ನ ಕನ್ನಡ ತಿದ್ದುತ್ತದೆ. ಕೋಣೆ ಮಾತ್ರ "ಮಗಳ ರೂಮು" ಎಂದೇ ಉಳಿಯಿತು. ಒಮ್ಮೆ ಧೈರ್ಯ ಮಾಡಿ ತಲೆದಿಂಬು ಹಿಡಿದು ಬಾಗಿಲವರೆಗೆ ಹೋಗಿದ್ದೆ. "ಗೊರಕಿ ಹೊಡಿಯಾಕ ಅಲ್ಲೇ ಗಾಳಿ ಚಂದ ಐತೆಲ್ರಿ, ಆರಾಮ ಅದೀರಲ್ಲ" ಎಂಬ ದನಿ ಕೇಳಿ, ಹಾಗೇ ತಲೆದಿಂಬಿನ ಜೊತೆ ಗಡಿಯಾರಕ್ಕೆ ಕೀಲಿ ಕೊಡಲು ಬಂದವನಂತೆ ನಟಿಸಿ ವಾಪಸಾದೆ. ನಮ್ಮ ಗಡಿಯಾರ ಬ್ಯಾಟರಿಯದು.

ಸಿಂಧನೂರಿನವನಾಗಿ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಬೇರೆ ಊರುಗಳಲ್ಲಿ ಕ್ಯಾಂಪ್ ಎಂದರೆ ತಂಬು ಹೊಡೆದು, ಉಂಡು, ಎತ್ತಿಕೊಂಡು ಹೋಗುವ ವ್ಯವಹಾರ. ನಮ್ಮ ತಾಲೂಕಿನಲ್ಲಿ ಕ್ಯಾಂಪ್ ಎಂದರೆ ಊರು. ಗೊರೇಬಾಳ ಕ್ಯಾಂಪ್, ಸಾಸಲಮರಿ ಕ್ಯಾಂಪ್, ಹಂಚಿನಾಳ ಕ್ಯಾಂಪ್ ಎಂದು ಬಸ್ಸಿನ ಕಂಡಕ್ಟರ್ ಕೂಗುತ್ತಾನೆ. ಮತದಾರರ ಪಟ್ಟಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಲಗ್ನಪತ್ರಿಕೆಯಲ್ಲಿ ಅದೇ ಹೆಸರು. ಅಲ್ಲಿ ಮೂರಂತಸ್ತಿನ ಮನೆಗಳಿವೆ, ಕಲ್ಯಾಣಮಂಟಪಗಳಿವೆ, ಗೋಪುರ ಎತ್ತಿದ ಗುಡಿಗಳಿವೆ. ತಂಬು ಮಾತ್ರ ಇಲ್ಲ.

1953ರಲ್ಲಿ ತುಂಗಭದ್ರೆಗೆ ಅಣೆಕಟ್ಟೆಯಾಗಿ, 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ನಮ್ಮ ಸೀಮೆಯ ಎರೆ ಹೊಲಗಳ ನಡುವೆ ಹಾಯ್ದು ಬಂತು. ಮಳೆ ನಂಬಿ ಬಿಳಿಜೋಳ, ಹತ್ತಿ ಬೆಳೆಯುತ್ತಿದ್ದ ನಮ್ಮವರು ಕಾಲುವೆಯ ನೀರನ್ನು ಬೀಗರ ಮನೆಯಿಂದ ಬಂದ ಆನೆಯನ್ನು ನೋಡಿದಂತೆ ನೋಡಿದರು. ಕಟ್ಟುವುದೆಲ್ಲಿ, ಸಾಕುವುದು ಹೇಗೆ? ಆಗ ಕೃಷ್ಣಾ, ಗೋದಾವರಿ ಬಯಲಿನಿಂದ ತೆಲುಗು ರೈತರು ಬಂದರು. ನೀರು ಕಟ್ಟುವುದು, ಮಡಿ ಮಾಡುವುದು, ಭತ್ತ ನಾಟಿ ಮಾಡುವುದು ಅವರಿಗೆ ಅಜ್ಜನ ಕಾಲದ ವಿದ್ಯೆ. ಕೊಂಡ ಹೊಲದ ದಂಡೆಗೇ ಗುಡಿಸಲು ಹಾಕಿಕೊಂಡರು. ಊರೊಳಗೆ ಇರದೆ ಹೊಲದಲ್ಲಿ ಬೀಡುಬಿಟ್ಟ ಆ ಗುಡಿಸಲುಗಳನ್ನು ಜನ ಕ್ಯಾಂಪ್ ಎಂದು ಕರೆದರು. ಗುಡಿಸಲು ಹೋಗಿ ಹಂಚು, ಹಂಚು ಹೋಗಿ ಆರ್‌ಸಿಸಿ ಬಂದರೂ ಹೆಸರು ಬದಲಾಗಲಿಲ್ಲ.

ನಮ್ಮಜ್ಜನೂ ಹೊಲ ಮಾರಿದವರಲ್ಲಿ ಒಬ್ಬ. "ಮೊಣಕಾಲ ಮಟ ಕೆಸರು ತುಳಿಯೋದು ಒಕ್ಕಲುತನ ಏನೋ? ಅವ್ರು ಎರಡು ವರ್ಷಕ್ಕ ಗಂಟು ಕಟ್ತಾರ, ಹೊಲ ತಿರುಗಿ ನಮಗ ಬರ್ತದ" ಎಂದು ಕಟ್ಟೆಗೆ ಕೂತು ಹೇಳುತ್ತಿದ್ದನಂತೆ. ಅದು ಕ್ಯಾಂಪ್ ತಾನೆ, ಇಂದಲ್ಲ ನಾಳೆ ಎತ್ತಲೇಬೇಕು ಎಂಬುದು ಅವನ ಲೆಕ್ಕ. ಇವತ್ತು ಆ ಹೊಲದ ಸೋನಾ ಮಸೂರಿ ಅಕ್ಕಿ ಚೀಲದಲ್ಲಿ ತುಂಬಿ ಅಂಗಡಿಗೆ ಬರುತ್ತದೆ, ನಾನು ಹೆಗಲ ಮೇಲೆ ಹೊತ್ತು ಮನೆಗೆ ತರುತ್ತೇನೆ. ಒಂದು ಇಂಗ್ಲಿಷ್ ಶಬ್ದವನ್ನು ನಂಬಿ ನಮ್ಮ ಮನೆತನ ಕಳೆದುಕೊಂಡದ್ದೆಷ್ಟು ಎಂದು ಹೆಂಡತಿ ಆಗಾಗ ಎಕರೆಯಲ್ಲಿ ಹೇಳುತ್ತಾಳೆ. ಅಜ್ಜ ಶಬ್ದ ನಂಬಿ ಹೊಲ ಬಿಟ್ಟ, ಮೊಮ್ಮಗ ಅದೇ ಶಬ್ದ ನಂಬಿ ಮಲಗುವ ಕೋಣೆ ಬಿಟ್ಟ. ಬುದ್ಧಿ ವಂಶದಲ್ಲೇ ಹರಿದು ಬಂದಿದೆ, ಕಾಲುವೆ ಕೆಟ್ಟರೂ ಅದು ಬತ್ತುವುದಿಲ್ಲ.

ಕಾಲುವೆ ಎಂದ ಮೇಲೆ ಕೊನೆಭಾಗದ ರೈತರ ಗೋಳು ಇದ್ದೇ ಇದೆ. ಮೇಲ್ಭಾಗದವರು ಬೇಕಾದಷ್ಟು ಹರಿಸಿಕೊಂಡ ಮೇಲೆ ಉಳಿದರೆ ಕೆಳಗೆ. ನಮ್ಮ ಮನೆಯ ಚಹಾ ವಿತರಣೆಯಲ್ಲಿ ನಾನೂ ಟೇಲ್ ಎಂಡ್. ಮೊದಲು ಮಾವನವರಿಗೆ, ಆಮೇಲೆ ಬಂದವರಿಗೆ, ಆಮೇಲೆ ಕೆಲಸದಾಕೆಗೆ. ಪಡಸಾಲೆಯ ಕ್ಯಾಂಪಿಗೆ ಬರುವ ಹೊತ್ತಿಗೆ ಲೋಟದಲ್ಲಿ ಅರ್ಧ ಚಹಾ, ಅರ್ಧ ಚಹಾಪುಡಿ. ಪ್ರತಿಭಟನೆ ಮಾಡಿದ್ದುಂಟು. ನಮ್ಮ ಕೊನೆಭಾಗದ ರೈತರಿಗೆ ಸಿಗುವ ಆಶ್ವಾಸನೆಯೇ ನನಗೂ ಸಿಕ್ಕಿತು: "ನಾಳೆ ಬಿಡ್ತೀವಿ."

ಮಂಚದ ಕಾಲು ಅಲುಗಾಡತೊಡಗಿದಾಗ ಬಡಿಗತನದ ಹುಡುಗನೊಬ್ಬನನ್ನು ಕರೆಸಿದೆ. ಅವನು ಆರ್.ಎಚ್. ಕ್ಯಾಂಪಿನವನು. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಎಲ್ಲ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಸಿಂಧನೂರಿನ ಬಳಿ ಜಮೀನು ಕೊಟ್ಟು ನೆಲೆ ಮಾಡಿಸಿತು. ಊರುಗಳಿಗೆ ಹೆಸರಿಡುವ ಪುರುಸೊತ್ತು ಯಾರಿಗೂ ಇರಲಿಲ್ಲವೋ ಏನೋ, ನಂಬರು ಕೊಟ್ಟರು: ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್. ಹುಡುಗ ಮನೆಯಲ್ಲಿ ಬಂಗಾಳಿ, ಗೋದಾಮಿನಲ್ಲಿ ತೆಲುಗು, ನನ್ನ ಹತ್ತಿರ ಅಚ್ಚ ಸಿಂಧನೂರು ಕನ್ನಡ ಮಾತಾಡಿದ. ಮಂಚದ ಕೆಳಗೆ ತೂರಿ, ಬೆರಳಿನಿಂದ ಕಾಲು ತಟ್ಟಿ ನೋಡಿ, "ಇದ್ನ ಗಟ್ಟಿ ಮಾಡ್ಲೇನ್ರಿ, ಸುಮ್ನ ಮೊಳಿ ಹೊಡೀಲೇನ್ರಿ?" ಎಂದ.

"ಮೊಳಿ ಸಾಕಪ್ಪ. ಟೆಂಪರ್ವರಿ ಇಲ್ಲಿದ್ದೀನಿ" ಎಂದೆ.

ಅವನು ಕೆಳಗಿನಿಂದಲೇ ಹೇಳಿದ: "ಟೆಂಪರ್ವರಿಗೇ ಗಟ್ಟಿ ಕಾಲು ಬೇಕ್ರಿ ಸರ. ನಮ್ಮಜ್ಜಗೂ ಸ್ವಲ್ಪ ದಿನ ಅಂತನೇ ಹೇಳಿದ್ರಂತ."

ಸಾಗವಾನಿಯ ಹೊಸ ಕಾಲು ಹಾಕಿಸಿದೆ. ಆ ಮಾತಿಗೆ ನಗಬೇಕೋ ಬೇಡವೋ ನನಗೆ ಇನ್ನೂ ತಿಳಿದಿಲ್ಲ. ನನ್ನ ಕ್ಯಾಂಪಿನಲ್ಲಿ ಬೇಜಾರಾದರೆ ಹೊರಗೆ ಹೋಗಿ ಮಿರ್ಚಿ ತಿಂದು ಬರಬಹುದು. ಅವನ ಅಜ್ಜನಿಗೆ ವಾಪಸು ಹೋಗಲು ಊರೇ ಇರಲಿಲ್ಲ. ಇದನ್ನು ಇಲ್ಲಿಗೇ ಬಿಡುತ್ತೇನೆ. ಹಾಸ್ಯ ಬರೆಯುವವನು ಎಲ್ಲ ಕ್ಯಾಂಪಿಗೂ ನುಗ್ಗಬಾರದು.

ನನ್ನ ಹೆಂಡತಿಯ ತವರು ಲಿಂಗಸುಗೂರು. ಕ್ಯಾಂಪ್ ವಿಷಯದಲ್ಲಿ ತಮ್ಮದು ನಮಗಿಂತ ಹಳೆಯ ಮನೆತನ ಎಂದು ಆಕೆಯ ಅಭಿಪ್ರಾಯ, ಅದರಲ್ಲಿ ಹುರುಳೂ ಇದೆ. ನಿಜಾಮನ ಕಾಲದಲ್ಲಿ ಅಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ದಂಡು ಇತ್ತು. ಊರಿಗೆ ಛಾವಣಿ ಎಂದೇ ಹೆಸರು. 1905ರವರೆಗೆ ಲಿಂಗಸುಗೂರು ಜಿಲ್ಲೆಯೂ ಆಗಿತ್ತು, ಆಮೇಲೆ ರಾಯಚೂರು ಜಿಲ್ಲೆಯಲ್ಲಿ ಸೇರಿಹೋಯಿತು. ಜಿಲ್ಲೆ ಹೋದರೂ ಜಿಲ್ಲಾಧಿಕಾರಿಯ ಗತ್ತು ಆ ಊರಿನ ಹೆಣ್ಣುಮಕ್ಕಳಲ್ಲಿ ಉಳಿದಿದೆ. "ನಮ್ಮೂರಾಗ ದಂಡಿತ್ತು, ನಿಮ್ಮೂರಾಗ ಬರೇ ದಂಡಿ" ಎಂದು ಕಾಲುವೆಯ ದಂಡೆಯನ್ನು ತೋರಿಸಿ ಒಮ್ಮೆ ಅಂದದ್ದಕ್ಕೆ ನಾನು ಈವರೆಗೆ ಉತ್ತರ ಹುಡುಕುತ್ತಿದ್ದೇನೆ. ಅದೇ ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಬೇರೆ. ಮದುವೆಯಲ್ಲಿ ಅಲ್ಲಿಂದ ಚಿನ್ನ ಬರುತ್ತದೆಂದು ನಮ್ಮವ್ವ ಕಾದಿದ್ದಳು, ಬಂದದ್ದು ದಂಡು.

ಆ ದಂಡು ವರ್ಷಕ್ಕೊಮ್ಮೆ, ಅಂಬಾಮಠದ ಜಾತ್ರೆಯ ಹೊತ್ತಿಗೆ, ನಮ್ಮ ಮನೆಯಲ್ಲಿ ಮುಕ್ಕಾಂ ಮಾಡುತ್ತದೆ. ಜಾತ್ರೆಗೆ ನಾಟಕ ಕಂಪನಿಗಳೂ ಬರುತ್ತವೆ. ತಗಡಿನ ಥೇಟರು ಎಬ್ಬಿಸಿ, ಇದು ನಮ್ಮ ಇಷ್ಟನೇ ಕ್ಯಾಂಪ್ ಎಂದು ಹೇಳಿಕೊಳ್ಳುತ್ತವೆ, ಆಟ ಮುಗಿದ ಮೇಲೆ ಮಾತಿನಂತೆ ಕಿತ್ತುಕೊಂಡು ಹೋಗುತ್ತವೆ. ನಮ್ಮ ಮೈದುನಂದಿರು ಕಂಪನಿ ಹೋದ ಮೇಲೂ ಇರುತ್ತಾರೆ. ಹೊರಡುವ ದಿನ ಕೇಳುವುದು ಬೀಗತನಕ್ಕೆ ಶೋಭೆಯಲ್ಲವಾದ್ದರಿಂದ ನಾನು ಬಸ್ಸಿನ ವೇಳಾಪಟ್ಟಿಯನ್ನು ಅವರ ಎದುರು ಕೂತು ಗಟ್ಟಿಯಾಗಿ ಓದುತ್ತೇನೆ. "ಭಾವ ಎಲ್ಲಿಗೋ ಕ್ಯಾಂಪ್ ಹೊಂಟಾರ?" ಎಂದು ಅವರು ಅಕ್ಕನನ್ನು ಕೇಳುತ್ತಾರೆ.

ಪಕ್ಕದ ಮನೆಯಲ್ಲಿ ನಿವೃತ್ತ ಉರ್ದು ಮೇಷ್ಟ್ರು ಇದ್ದಾರೆ. ಫಾರಸಿಯನ್ನೂ ಓದಿಕೊಂಡವರು. ನಮ್ಮ ಮನೆಯ ಗದ್ದಲ ಕಾಂಪೌಂಡಿನ ಆಚೆಗೂ ಹೋಗುವುದರಿಂದ ನನ್ನ ಕ್ಯಾಂಪಿನ ಇತಿಹಾಸ ಅವರಿಗೆ ಗೊತ್ತು. ಒಂದು ಸಂಜೆ ಗೋಡೆಗೆ ಮೊಣಕೈ ಊರಿ ಸಮಾಧಾನ ಹೇಳಿದರು: "ಬೇಜಾರ ಮಾಡ್ಕೋಬ್ಯಾಡ್ರಿ. ನೀವು ಕ್ಯಾಂಪಿನಾಗ ಮಲಗ್ತೀರಿ, ನಾವು ಕ್ಯಾಂಪೇ ಮಾತಾಡ್ತೀವಿ." ಉರ್ದು ಎಂಬ ಹೆಸರಿನ ಹುಟ್ಟೇ ಅದಂತೆ. ತುರ್ಕಿ ಮೂಲದ ಆ ಶಬ್ದಕ್ಕೆ ದಂಡಿನ ಬೀಡು ಎಂದೇ ಅರ್ಥ. ಅದು ಫಾರಸಿಗೆ ಬಂದು, ಬಾದಶಹನ ಬೀಡಿನ ಮಾತು ಎಂದಾಗಿ, ಕೊನೆಗೆ ಬೀಡು ಎದ್ದು ಹೋಗಿ ಮಾತು ಉಳಿಯಿತು. ಮುಕ್ಕಾಂ ಕೂಡ ಅರಬ್ಬಿಯಿಂದ ಫಾರಸಿ ಹಾದು ಬಂದದ್ದು. ನಿಜಾಮನ ಸರ್ಕಾರ 1884ರವರೆಗೆ ಫಾರಸಿಯಲ್ಲೇ ಕಾಗದ ಬರೆಯುತ್ತಿತ್ತು, ಆಮೇಲೆ ಉರ್ದುವಿನಲ್ಲಿ. ನಾನು ಗುಮಾಸ್ತ, ಬರೆದದ್ದು ದಾಖಲೆ, ಹೆಂಡತಿ ಮಾಡುವುದು ತಕರಾರು, ಕೋಣೆ ಆಕೆಯ ಕಬ್ಜಾದಲ್ಲಿ. ನಮ್ಮ ಸಂಸಾರದ ಮುಖ್ಯ ಸಂಗತಿಗಳೆಲ್ಲ ಆ ಕಡೆಯಿಂದಲೇ ಬಂದಿವೆ ಎಂದು ತಿಳಿದು ನನಗೆ ಒಂದು ಬಗೆಯ ಹೆಮ್ಮೆಯಾಯಿತು.

ಮೇಷ್ಟ್ರ ಹಳೆಯ ಶಿಷ್ಯನೊಬ್ಬ, ತೆಲುಗು ಕ್ಯಾಂಪಿನ ಹುಡುಗ, ದುಬೈಗೆ ದುಡಿಯಲು ಹೋಗಿದ್ದ. ಅಲ್ಲಿ ಅವನಿಗೆ ವಸತಿ ಲೇಬರ್ ಕ್ಯಾಂಪಿನಲ್ಲಿ. ಜೊತೆಗೆ ಕೆಲಸ ಮಾಡುವ ಇರಾನಿಯವನು ಒಮ್ಮೆ ಊರು-ಕೇರಿ ವಿಚಾರಿಸಿದನಂತೆ. ಇವನು ಸಹಜವಾಗಿ, ನಾನು ಹುಟ್ಟಿದ್ದು ಕ್ಯಾಂಪಿನಲ್ಲಿ, ನನ್ನ ಅಪ್ಪ-ಅಮ್ಮ ಈಗಲೂ ಕ್ಯಾಂಪಿನಲ್ಲೇ ಇದ್ದಾರೆ, ಹೆಂಡತಿಯೂ ಪಕ್ಕದ ಕ್ಯಾಂಪಿನವಳು, ತಮ್ಮ ಮಾತ್ರ ಬೇಡವೆಂದು ಹೈದರಾಬಾದಿಗೆ ಹೋದ ಎಂದ. ಇರಾನಿಯ ಕಣ್ಣಲ್ಲಿ ನೀರು. ಭುಜ ತಟ್ಟಿ, ನೀನು ಹೊರಗೆ ಬಂದೆಯಲ್ಲ, ಅದೇ ದೊಡ್ಡದು ಎಂದನಂತೆ. ಇರಾನಿನಲ್ಲಿ ಇವತ್ತಿನ ಮಾತಿನಲ್ಲಿ 'ಕಂಪ್' ಎಂದರೆ ಅಫೀಮು, ಹೆರಾಯಿನ್ ಚಟ ಬಿಡಿಸುವ ಕೇಂದ್ರ. ನಮ್ಮಲ್ಲಿ ಮದ್ಯವರ್ಜನ ಶಿಬಿರ ಎನ್ನುತ್ತೇವಲ್ಲ, ಅದರ ಅಣ್ಣ. ಶಾಲೆಯ ಮಕ್ಕಳು ನಕ್ಕು ನಲಿಯಲು ಹೋಗುವ ಕ್ಯಾಂಪಿಗೆ ಅವರಲ್ಲಿ ಬೇರೆ ಶಬ್ದವಿದೆ. ಅದು 'ಒರ್ದು', ಅದೇ ನಮ್ಮ ಮೇಷ್ಟ್ರ ಉರ್ದು! ಹುಡುಗ ಇದೆಲ್ಲ ತಿಳಿಯದೆ ಬಹಳ ದಿನ ಆ ಇರಾನಿಯಿಂದ ಖರ್ಜೂರ, ಪಿಸ್ತಾ ಪಡೆಯುತ್ತಿದ್ದನಂತೆ.

ಈ ಕತೆಯನ್ನು ಮನೆಯಲ್ಲಿ ಹೇಳಿದ್ದು ನನಗೇ ತಿರುಗಿತು. "ಹಂಗಾರ ನಾ ಸುಳ್ಳು ಹೇಳಿಲ್ಲ ಬಿಡ್ರಿ" ಎಂದಳು. "ನಿಮ್ಗೂ ಮೊಬೈಲ್ ಚಟ ಬಿಡಿಸಾಕ ಕ್ಯಾಂಪಿನಾಗ ಇಟ್ಟೀನಿ. ಗುಣ ಆದಮ್ಯಾಲೆ ನೋಡೋಣ." ಮೇಷ್ಟ್ರು ಗೋಡೆಯಾಚೆ ಕೆಮ್ಮಿದರು. ಕೆಮ್ಮೋ ನಗುವೋ ಕಾಣಲಿಲ್ಲ.

ಹೆಂಡತಿಯನ್ನು ತವರಿಗೆ ಬಿಡಲು ಹೊರಟರೆ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಒಮ್ಮೆ ಬಸ್ಸಿಳಿಸಿ, ಅಶೋಕನ ಶಾಸನ ತೋರಿಸುತ್ತೇನೆಂದು ಗುಡ್ಡದ ಕಡೆ ಕರೆದುಕೊಂಡು ಹೋದೆ. ವಿದ್ವತ್ತಿನಲ್ಲಾದರೂ ಗೆಲ್ಲೋಣ ಎಂಬ ಆಸೆ. 1915ರಲ್ಲಿ ಬೀಡನ್ ಎಂಬ ಇಂಜಿನಿಯರ್ ಚಿನ್ನ ಹುಡುಕುತ್ತ ಬಂದವನು ಚಿನ್ನದ ಬದಲು ಈ ಬಂಡೆಯನ್ನು ಕಂಡದ್ದು; ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದು, ಇಲ್ಲಿ ಅಶೋಕ ಎಂದು ಹೆಸರೇ ಕೆತ್ತಿದ್ದರಿಂದ ಆ ರಾಜನೇ ಈತನೆಂದು ಸಂಶಯವಿಲ್ಲದೆ ತೀರ್ಮಾನವಾದದ್ದು, ಎಲ್ಲ ಹೇಳಿದೆ. ಬಿಸಿಲಿಗೆ ಸೆರಗು ಹೊದ್ದು ಆಕೆ ಕೇಳಿಸಿಕೊಂಡಳು. ಹುರುಪಿನಲ್ಲಿ ಇನ್ನೂ ಮುಂದೆ ಹೋದೆ: ಇದೇ ಕಿರುಶಾಸನದ ಮತ್ತೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ, ಅದರಲ್ಲಿ 256 ಎಂಬ ಅಂಕಿ ಇದೆ. ಅದೇನೆಂದು ಪಂಡಿತರು ಬಹಳ ಜಗಳಾಡಿ, ರಾಜ ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎಂದು ಅನೇಕರು ಒಪ್ಪಿದ್ದಾರೆ.

"ಅಂದ್ರ ಅಶೋಕ ಸಾಹೇಬ್ರು ಕ್ಯಾಂಪಿನಾಗಿದ್ರು?"

"ಹೂಂ."

"256 ರಾತ್ರಿ?"

"ಹೂಂ."

"ಅಷ್ಟಕ್ಕ ಬಂಡಿ ಮ್ಯಾಲ ಕೆತ್ತಿಸ್ಯಾರ? ನೀವು ಅದಕ್ಕಿಂತ ಭಾಳ ದಿನ ಆತು, ಒಂದು ದೂರು ಸುದ್ದಾ ಬರೆದಿಲ್ಲ. ಶ್ಯಾಣ್ಯಾರ ಅದೀರಿ" ಎಂದು ಆಕೆ ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಹೊಗಳಿದಳು. ಆ ಹೊಗಳಿಕೆಯ ಬೆಲೆ ಆಮೇಲೆ ತಿಳಿಯಿತು. ದೂರು ಬರೆಯುವ ಹಕ್ಕನ್ನು ನಾನು ಮಸ್ಕಿಯ ಗುಡ್ಡದ ಮೇಲೆ ಶಾಶ್ವತವಾಗಿ ಬಿಟ್ಟುಕೊಟ್ಟಿದ್ದೆ.

ಕ್ಯಾಂಪ್ ಶಬ್ದದ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ಬಯಲು, ಹೊಲ ಎಂದೇ ಅರ್ಥವೆಂದು ನಿಘಂಟು ಹೇಳುತ್ತದೆ. ಹಾಗೆ ನೋಡಿದರೆ ದೆಹಲಿ-ಲಂಡನ್ನಿನವರೆಲ್ಲ ತಪ್ಪು. ಹೊಲದ ಮೇಲೆ ಊರು ಕಟ್ಟಿ ಅದನ್ನು ಕ್ಯಾಂಪ್ ಎಂದ ಸಿಂಧನೂರಿನವರೇ ಸರಿ. ನಮ್ಮ ತಾಲೂಕಿನಲ್ಲಿ ಕಣ್ಣಿನ ಕ್ಯಾಂಪ್, ರಕ್ತದಾನದ ಕ್ಯಾಂಪ್, ಕಾಲೇಜು ಹುಡುಗರ ಎನ್ನೆಸ್ಸೆಸ್ ಕ್ಯಾಂಪುಗಳೂ ಆಗುತ್ತವೆ. ಅವೆಲ್ಲ ಹೇಳಿದ ದಿನ ಮುಗಿಯುತ್ತವೆ. ಹೋದ ಸಲದ ಕಣ್ಣಿನ ಕ್ಯಾಂಪು ಸಾಸಲಮರಿ ಕ್ಯಾಂಪಿನಲ್ಲಿದೆ ಎಂದು ಗೆಳೆಯರಿಗೆ ಫೋನ್ ಮಾಡಿ, ಒಂದು ವಾಕ್ಯದಲ್ಲಿ ಎರಡು ಕ್ಯಾಂಪ್ ಬಳಸಿದಾಗ ಧಾರವಾಡದ ಗೆಳೆಯನಿಗೆ ಮಾತ್ರ ಗೊಂದಲವಾಯಿತು. ನಮ್ಮೂರಿನವರಿಗೆ ಆಗಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಮಾತು. ಈ ಕಡೆ ಬರುವುದಿದ್ದರೆ ನವರಾತ್ರಿಯಲ್ಲಿ ಬನ್ನಿ, ಆರ್.ಎಚ್. ಕ್ಯಾಂಪುಗಳ ದುರ್ಗಾಪೂಜೆ ನೋಡುವಂತಿರುತ್ತದೆ. ಸುಗ್ಗಿಯಲ್ಲಿ ಬಂದರೆ ತೆಲುಗು ಕ್ಯಾಂಪಿನ ಯಾರಾದರೂ ಊಟಕ್ಕೆ ಕರೆಯುತ್ತಾರೆ, ಆವಕಾಯಿ ಬಡಿಸಿದರೆ ತುಪ್ಪ ಕೇಳಿ ಹಾಕಿಸಿಕೊಳ್ಳಿ. ಆದರೆ ಸಿಂಧನೂರು ಬಸ್‌ ನಿಲ್ದಾಣದಲ್ಲಿ ಇಳಿದು "ಕ್ಯಾಂಪಿಗೆ ಹೋಗಬೇಕು" ಎಂದಷ್ಟೇ ಹೇಳಬೇಡಿ. ಯಾವ ಕ್ಯಾಂಪ್ ಎಂದು ಹೆಸರು ಇಲ್ಲವೇ ನಂಬರು ಹೇಳದಿದ್ದರೆ ಕಂಡಕ್ಟರ್ ಟಿಕೆಟ್ ಹರಿಯುವುದಿಲ್ಲ.